ಡೇವಿಡ್ ಜೇಸನ್‌ಗೆ ಏನು ಕೇಳಬೇಕು ಅಂದ ಅತ್ತಿಗೆಗೆ

ಅತ್ತಿಗೆ, ನಿಮ್ಮ ಮೆಸೇಜ್ ನೋಡಿದೆ. ಬ್ರಿಟಿಷ್ ಟಿವಿ ಹಾಸ್ಯನಟ ಡೇವಿಡ್ ಜೇಸನ್ ಅವರಿಗೆ ಅಭಿಮಾನಿಗಳು ಮೊದಲೇ ಚೀಟಿಯಲ್ಲಿ ಪ್ರಶ್ನೆ ಬರೆದು ಕೊಡಬೇಕಂತೆ, ನಮ್ಮನೆಯಿಂದ ಮೂರು ಚೀಟಿ, ಒಂದು ಪುಟ್ಟಂದು, ಒಂದು ದೊಡ್ಡವಳದು, ಒಂದು ನಿಮ್ಮಣ್ಣಂದು, ಏನು ಬರೆಸಲಿ ಅಂತ ಕೇಳಿದೀರಿ. ಇದು ಎರಡು ಸಾಲಲ್ಲಿ ಹೇಳಿ ಮುಗಿಸೋ ವಿಷಯ ಅಲ್ಲ. ಅಡುಗೆ ಮಾಡ್ತಾ ಮಾಡ್ತಾ ಕೇಳಿಸ್ಕೊಳ್ಳಿ.

ಮೊದಲು ಒಂದು ಮಾತು ತಲೆಯಲ್ಲಿ ಇಟ್ಕೊಳ್ಳಿ. 'ನಿಮಗೆ ಹೇಗನ್ನಿಸ್ತು' ಅಂತ ಕೇಳಿಸಬೇಡಿ, 'ಅದನ್ನ ಹೇಗೆ ಮಾಡಿದ್ರಿ' ಅಂತ ಕೇಳಿಸಿ. ಅವರು ನಟನೆಗೆ ಬರೋ ಮುಂಚೆ ಎಲೆಕ್ಟ್ರಿಷಿಯನ್ ಕೆಲಸ ಕಲಿತು ಮಾಡಿದವರು. ಹುಟ್ಟಿದ್ದು 1940ರ ಫೆಬ್ರವರಿ 2ಕ್ಕೆ, ಉತ್ತರ ಲಂಡನ್ನಿನ ಎಡ್ಮಂಟನ್‌ನಲ್ಲಿ. ನಿಜವಾದ ಹೆಸರು ಡೇವಿಡ್ ವೈಟ್. ಕಲಾವಿದರ ಸಂಘದಲ್ಲಿ ಆ ಹೆಸರಿನವರು ಆಗಲೇ ಒಬ್ಬರಿದ್ದರು, ಅದಕ್ಕೇ ಜೇಸನ್ ಆದರು. ಕೈಕೆಲಸ ಬಲ್ಲವರ ಹತ್ತಿರ ಕೆಲಸದ ಬಗ್ಗೆ ಕೇಳಿದ್ರೆ ಮಾತು ತಾನಾಗೇ ಬರುತ್ತೆ. 'ನಿಮ್ಮ ಫೇವರಿಟ್ ಸೀನ್ ಯಾವುದು' ಅಂತ ಕೇಳಿದ್ರೆ, ನಲವತ್ತು ವರ್ಷದಿಂದ ಹೇಳಿ ಹೇಳಿ ಸವೆದುಹೋದ ಉತ್ತರವೇ ಬರುತ್ತೆ. ತಪ್ಪು ಅವರದಲ್ಲ, ಪ್ರಶ್ನೇದು.

ಚೀಟಿ ಬರೆಯೋದು ಹೀಗೆ. ಮೇಲೆ ಮಗುವಿನ ಹೆಸರು, ವಯಸ್ಸು. ಕೆಳಗೆ ಒಂದೇ ಪ್ರಶ್ನೆ, ಇಪ್ಪತ್ತೈದು ಮೂವತ್ತು ಪದದ ಒಳಗೆ. ಜೋರಾಗಿ ಓದಿಸಿ ನೋಡಿ, ಹದಿನೈದು ಸೆಕೆಂಡಲ್ಲಿ ಮುಗೀಬೇಕು. 'ಮತ್ತೆ', 'ಹಾಗೇನೇ' ಅಂತ ಬಂತು ಅಂದ್ರೆ ಅಲ್ಲಿ ಎರಡು ಪ್ರಶ್ನೆ ಸೇರ್ಕೊಂಡಿದೆ ಅಂತ ಅರ್ಥ. ಯಾರೇ ಆಗಲಿ ಸುಲಭದ್ದಕ್ಕೆ ಉತ್ತರ ಕೊಟ್ಟು ಇನ್ನೊಂದನ್ನ ಬಿಟ್ಬಿಡ್ತಾರೆ. ಹೌದು, ಇಲ್ಲ ಅಂತ ಉತ್ತರ ಬರೋ ಥರ ಇದ್ರೆ ತಿದ್ದಿಸಿ. ಸೀನ್ ಕಥೆ ಪೂರ್ತಿ ಚೀಟಿಯಲ್ಲಿ ಬರೆಯೋದು ಬೇಡ, ಮಾಡಿದವರು ಅವರೇ ಅಲ್ವಾ, ಎರಡು ಪದದಲ್ಲಿ ಗುರುತು ಕೊಟ್ರೆ ಸಾಕು.

ಇನ್ನೊಂದು, ಇದು ನಮ್ಮವರು ಎಲ್ಲರೂ ಮಾಡೋ ತಪ್ಪು. ಅವರಿಗೆ 2005ರಲ್ಲಿ ಬ್ರಿಟನ್ನಿನ ನೈಟ್ ಪದವಿ, ಅಂದ್ರೆ ಹೆಸರಿನ ಮುಂದೆ 'ಸರ್' ಹಾಕೋ ಗೌರವ, ಬಂದಿದೆ. ನಾವು ಅಭ್ಯಾಸಬಲದಿಂದ 'ಜೇಸನ್ ಸರ್' ಅಂದುಬಿಡ್ತೀವಿ. ಇಲ್ಲಿ 'ಸರ್' ಮುಂದೆ ಬರುತ್ತೆ, ಅದೂ ಮೊದಲ ಹೆಸರಿನ ಜೊತೆ: 'ಸರ್ ಡೇವಿಡ್'. 'ಸರ್ ಜೇಸನ್' ಅನ್ನೋದೂ ತಪ್ಪು. ಪುಟ್ಟನಿಗೆ ನಾಲ್ಕು ಸಲ ಹೇಳಿಸಿಬಿಡಿ.

ಈಗ ದೊಡ್ಡವಳ ಚೀಟಿ. ಅವಳು ನಾಟಕ ಕಲೀತಿದಾಳಲ್ವಾ, ಅವಳಿಗೆ ಬಾರ್ ಸೀನೇ ಸರಿ. 'ಓನ್ಲಿ ಫೂಲ್ಸ್ ಅಂಡ್ ಹಾರ್ಸಸ್' ಅನ್ನೋ ಹಾಸ್ಯ ಧಾರಾವಾಹಿಯ 'ಯಪ್ಪಿ ಲವ್' ಕಂತು, 1989ರ ಜನವರಿಯದು. ಜೇಸನ್ ಮಾಡಿದ ಡೆಲ್ ಬಾಯ್, ಸಂತೆ ವ್ಯಾಪಾರಿ, ದೊಡ್ಡ ಷೇರು ವ್ಯಾಪಾರಿ ಥರ ವೇಷ ಹಾಕ್ಕೊಂಡು ವೈನ್ ಬಾರಿಗೆ ಬಂದಿದಾನೆ, ಪಕ್ಕದಲ್ಲಿ ಗೆಳೆಯ ಟ್ರಿಗರ್. ಬಾರಿನವನು ಕೌಂಟರಿನ ಹಲಗೆ ಎತ್ತಿಕೊಂಡು ಆಚೆ ಬರ್ತಾನೆ, ಹಲಗೆ ಎತ್ತಿದ್ದು ಎತ್ತಿದ ಹಾಗೇ ಉಳಿಯುತ್ತೆ. ಡೆಲ್ ಗತ್ತಿನಲ್ಲಿ ಕೌಂಟರಿಗೆ ಒರಗೋಕೆ ಹೋಗ್ತಾನೆ, ಅಲ್ಲಿ ಕೌಂಟರೇ ಇಲ್ಲ. ಮರ ಬಿದ್ದ ಹಾಗೆ ಪಕ್ಕಕ್ಕೆ ಬೀಳ್ತಾನೆ.

ಇದನ್ನ ಒಂದು ಹತ್ತು ಸಲ ನಿಲ್ಲಿಸಿ ನಿಲ್ಲಿಸಿ ನೋಡಿಸಿ ಅವಳಿಗೆ. ಮೊದಲು ಕಣ್ಣು ನೋಡಲಿ. ಬೀಳೋ ದಿಕ್ಕಿಗೆ ಒಂದು ಚೂರೂ ತಿರುಗಲ್ಲ. ಮನುಷ್ಯರ ಮೈ ಹಾಗಿಲ್ಲ ಅತ್ತಿಗೆ. ಆಸರೆ ತಪ್ಪಿದ ತಕ್ಷಣ ತಲೆ ಆ ಕಡೆ ತಿರುಗುತ್ತೆ, ಕೈ ಚಾಚುತ್ತೆ, ಮಂಡಿ ಮಡಚುತ್ತೆ. ಈ ಮೂರರಲ್ಲಿ ಒಂದು ನಡೆದ್ರೂ ನಗು ಹೋಯ್ತು, ಯಾಕಂದ್ರೆ 'ಇವನಿಗೆ ಗೊತ್ತಿತ್ತು' ಅಂತ ನೋಡೋರಿಗೆ ಅನ್ನಿಸಿಬಿಡುತ್ತೆ. ಜೇಸನ್ ಮೂರನ್ನೂ ತಡೆಹಿಡಿದಿದಾರೆ. ಮುಖದಲ್ಲಿ ಆ ಗತ್ತು ಹಾಗೇ ಇದೆ, ಮೈ ಕಂಬದ ಥರ ನೆಟ್ಟಗಿದೆ, ಇದ್ದ ಮನುಷ್ಯ ಚೌಕಟ್ಟಿಂದ ಮಾಯ. ಆಚೆ, ಕ್ಯಾಮೆರಾಗೆ ಕಾಣದ ಜಾಗದಲ್ಲಿ, ಮೆತ್ತೆ ಹಾಕಿರ್ತಾರೆ. ಆದ್ರೆ ಮೆತ್ತೆ ಇದೆ ಅಂತ ತಲೆಗೆ ಗೊತ್ತಿದ್ರೂ ಮೈಗೆ ನಂಬಿಕೆ ಬರಲ್ಲ. ಆ ನಂಬಿಕೆ ಬರಿಸೋದೇ ವಿದ್ಯೆ.

ಬರೆದ ಜಾನ್ ಸಲ್ಲಿವನ್ ಒಂದು ವೈನ್ ಬಾರಿನಲ್ಲಿ ಹೀಗೇ ಒಬ್ಬ ಮನುಷ್ಯ ಒರಗೋಕೆ ಹೋಗಿ ತಪ್ಪಿದ್ದನ್ನ ಕಂಡಿದ್ರು. ಆ ಮನುಷ್ಯ ಪೂರ್ತಿ ಬೀಳಲಿಲ್ಲ, ತಡವರಿಸಿ ಸಾವರಿಸಿಕೊಂಡ. ಪೂರ್ತಿ ಬೀಳಬೇಕು, ಅದೂ ನೋಡದೇನೇ ಬೀಳಬೇಕು ಅನ್ನೋದು ಜೇಸನ್ ಸೇರಿಸಿದ್ದು. ಬಿದ್ದ ಮೇಲೆ ಟ್ರಿಗರ್ ಮಾಡಿದ ರೋಜರ್ ಲಾಯ್ಡ್ ಪ್ಯಾಕ್ ಅವರನ್ನ ನೋಡಲಿ. ಅವರು ತಿರುಗಿ 'ಇಲ್ಲೇ ಇದ್ನಲ್ಲಾ' ಅನ್ನೋ ಹಾಗೆ ಸುತ್ತ ನೋಡ್ತಾರಲ್ಲ, ಆ ಸೀನಿನ ಅರ್ಧ ನಗು ಅವರದು. ಬಿದ್ದವರಷ್ಟೇ ಲೆಕ್ಕ, ನೋಡಿದವರು ಲೆಕ್ಕಕ್ಕಿಲ್ಲ ಅಂದ್ಕೊಂಡ್ರೆ ನಟನೆ ಅರ್ಥವಾಗಲ್ಲ.

ಹಾಗಾಗಿ ಅವಳ ಪ್ರಶ್ನೆ ಇದು: 'ಬಾರಿನಲ್ಲಿ ಬೀಳೋವಾಗ ಆ ಕಡೆ ನೋಡದೇ ಇರೋಕೆ ಕಣ್ಣನ್ನ ಎಲ್ಲಿ ನೆಟ್ಟಿದ್ರಿ?' ಅಷ್ಟೇ ಸಾಕು. 'ಎಲ್ಲಿ' ಅನ್ನೋ ಪದ ಇರಲೇಬೇಕು. ಅದು ಇದ್ರೆ ಅವರು ಒಂದು ಜಾಗ, ಒಂದು ವಸ್ತು, ಇಲ್ಲಾ ಒಬ್ಬ ಮನುಷ್ಯರ ಹೆಸರು ಹೇಳಲೇಬೇಕಾಗುತ್ತೆ. ಮತ್ತೆ ದಯವಿಟ್ಟು ಅಡುಗೆಮನೆ ಕಟ್ಟೆ ಹತ್ತಿರ ಇದನ್ನ ಮಾಡಿ ನೋಡೋಕೆ ಬಿಡಬೇಡಿ. ನೆಟ್ಟಗೆ ಪಕ್ಕಕ್ಕೆ ಬಿದ್ರೆ ಮೊದಲು ತಗಲೋದು ಭುಜ, ಆಮೇಲೆ ತಲೆ. ಮಾಡಲೇಬೇಕು ಅಂದ್ರೆ ನೆಲದ ಮೇಲೆ ಹಾಸಿಗೆ ಎರಡು ಪದರ ಹಾಕಿ, ಮಂಡಿಯೂರಿದ ಎತ್ತರದಿಂದ ಶುರು ಮಾಡ್ಲಿ.

ಪುಟ್ಟನಿಗೆ ಡೇಂಜರ್ ಮೌಸ್, ಗೂಢಚಾರಿ ಇಲಿಯ ಕಾರ್ಟೂನ್. ಇಲ್ಲೇ ಎಡವಟ್ಟಾಗೋದು, ಹುಷಾರು. ಪುಟ್ಟ ನೋಡ್ತಿರೋದು 2015ರಲ್ಲಿ ಶುರುವಾದ ಹೊಸದು, ಅದರಲ್ಲಿ ಇಲಿಯ ದನಿ ಅಲೆಕ್ಸಾಂಡರ್ ಆರ್ಮ್‌ಸ್ಟ್ರಾಂಗ್ ಅವರದು. ಜೇಸನ್ ದನಿ ಕೊಟ್ಟಿದ್ದು ಹಳೇದಕ್ಕೆ, 1981ರಿಂದ 1992ರವರೆಗೆ ಬಂದದ್ದು, ಮ್ಯಾಂಚೆಸ್ಟರಿನ ಕಾಸ್‌ಗ್ರೋವ್ ಹಾಲ್ ಸ್ಟುಡಿಯೋ ಮಾಡಿದ್ದು. ಹೊಸದರ ಯಾವುದೋ ಕಂತಿನ ಬಗ್ಗೆ ಕೇಳಿಬಿಟ್ರೆ ಮಗು ಎಲ್ಲರ ಮುಂದೆ ಪೆಚ್ಚಾಗುತ್ತೆ. ಹಳೇದು ಒಂದೆರಡು ಕಂತು ಮೊದಲೇ ತೋರಿಸಿ. ಹೊಸತಿನ ಓಟ ಇದರಲ್ಲಿ ಇರಲ್ಲ, ಚಿತ್ರ ಎಷ್ಟೋ ಕಡೆ ನಿಂತಲ್ಲೇ ನಿಂತಿರುತ್ತೆ, ದನಿಯೇ ಎಳ್ಕೊಂಡು ಹೋಗಬೇಕು. ನನಗೆ ತುಂಬಾ ಇಷ್ಟದ ಸಂಗತಿ ಇಲ್ಲೊಂದಿದೆ. ಡೆಲ್ ಬಾಯ್ ಟಿವಿಗೆ ಬಂದದ್ದು 1981ರ ಸೆಪ್ಟೆಂಬರ್ 8ಕ್ಕೆ, ಡೇಂಜರ್ ಮೌಸ್ ಅದೇ ತಿಂಗಳು 28ಕ್ಕೆ. ಒಂದು ಕಡೆ ಲಂಡನ್ನಿನ ಪೆಕ್‌ಹ್ಯಾಮ್ ಸಂತೆಯವನ ಗಂಟಲು, ಇನ್ನೊಂದು ಕಡೆ ನಯವಾಗಿ ಮಾತಾಡೋ ಗೂಢಚಾರಿ ಇಲಿ, ಎರಡೂ ಒಬ್ಬರ ಬಾಯಿಂದ. ಪುಟ್ಟ ಕೇಳಲಿ: 'ಇಲಿ ಓಡೋವಾಗ, ಬೀಳೋವಾಗ ಮೈಕಿನ ಮುಂದೆ ನಿಮ್ಮ ಕೈಕಾಲು ಏನು ಮಾಡ್ತಿತ್ತು?' ಈ ಪ್ರಶ್ನೆಗೆ ಅವರು ಎದ್ದು ನಿಂತು ಮಾಡಿ ತೋರಿಸಿದ್ರೂ ತೋರಿಸಬಹುದು.

ಅಣ್ಣಂದು ಗಂಭೀರವಾದ್ದು ಇರಲಿ. ಅವರಿಗೆ ಆ ಗಾಜಿನ ತೂಗುದೀಪದ ಸೀನ್ ಇಷ್ಟ ಅಂತ ಬರೆದಿದೀರಿ, 1982ರದ್ದು. ಡೆಲ್ ಮತ್ತೆ ಅವನ ತಮ್ಮ ರಾಡ್ನಿ ಒಂದು ದೀಪದ ಕೆಳಗೆ ಬಟ್ಟೆ ಬಿಡಿಸಿ ಹಿಡ್ಕೊಂಡು ಕಾಯ್ತಾರೆ, ಮೇಲಿನ ಮಹಡಿಯಲ್ಲಿ ಅಜ್ಜ ಇನ್ನೊಂದು ದೀಪದ ಬೋಲ್ಟ್ ಬಿಚ್ತಾನೆ, ಬೀಳೋದು ಆ ಇನ್ನೊಂದೇ. ಒಂದೇ ಸಲಕ್ಕೆ ಸರಿಯಾಗಿ ಬರಬೇಕಿತ್ತು. ರಾಡ್ನಿ ಮಾಡಿದ ನಿಕೋಲಸ್ ಲಿಂಡ್‌ಹರ್ಸ್ಟ್ ನಕ್ಕುಬಿಡಬಾರದು ಅಂತ ನಿರ್ಮಾಪಕ ರೇ ಬಟ್ ಕೆಲಸದಿಂದ ತೆಗೆದುಬಿಡ್ತೀನಿ ಅಂತ ಹೆದರಿಸಿದ್ರು. ಸಲ್ಲಿವನ್ ಅವರ ತಂದೆ ಕೊಳಾಯಿ ಕೆಲಸದವರು, ಇದು ಅವರು ಮಗನಿಗೆ ಹೇಳಿದ ನಿಜವಾದ ಪ್ರಸಂಗ. ಆ ಕೆಲಸಗಾರರು ನೌಕರಿ ಕಳ್ಕೊಂಡಿದ್ರು. ಆದ್ರೆ ಇದಿಷ್ಟೂ ಎಲ್ಲರಿಗೂ ಗೊತ್ತು, ಪ್ರತಿ ಸಲ ಯಾರಾದ್ರೂ ಕೇಳೇ ಕೇಳ್ತಾರೆ. ಒಂದೇ ಥರದ ಚೀಟಿ ನಾಲ್ಕಿದ್ರೆ ಒಂದನ್ನ ಇಟ್ಕೊಂಡು ಮೂರು ಪಕ್ಕಕ್ಕಿಡ್ತಾರೆ.

ಅದರ ಬದಲು ಟೋಪಿ ಸೀನ್ ಕೇಳಿಸಿ. ಅಜ್ಜನ ಪಾತ್ರ ಮಾಡ್ತಿದ್ದ ಲೆನರ್ಡ್ ಪಿಯರ್ಸ್ 1984ರ ಡಿಸೆಂಬರಿನಲ್ಲಿ, ಶೂಟಿಂಗ್ ನಡೀತಿರೋವಾಗಲೇ ತೀರಿಕೊಂಡ್ರು. ಬೇರೆ ನಟನನ್ನ ಅಜ್ಜನ ಜಾಗಕ್ಕೆ ತರಲಿಲ್ಲ. ಸಲ್ಲಿವನ್ ಅಜ್ಜನ ಮಣ್ಣು ಮಾಡೋ ಕಂತನ್ನೇ ಬರೆದ್ರು, 1985ರ ಫೆಬ್ರವರಿಯಲ್ಲಿ ಪ್ರಸಾರ ಆಯ್ತು. ಗುಂಡಿಯ ಪಕ್ಕ ನಿಂತು ಡೆಲ್, ಅಜ್ಜನ ಟೋಪಿ ಅಂದ್ಕೊಂಡು ಒಂದು ಟೋಪಿಯನ್ನ ಒಳಗೆ ಹಾಕ್ತಾನೆ. ಸ್ವಲ್ಪ ಹೊತ್ತಿಗೆ ಪಾದ್ರಿ ತಮ್ಮ ಟೋಪಿ ಹುಡುಕ್ತಾ ಬರ್ತಾರೆ. ಜೊತೆಗಿದ್ದವರು ನಿಜವಾಗಿ ಹೋಗಿ ಕೆಲವೇ ವಾರ ಆಗಿತ್ತು. ಕಣ್ಣಲ್ಲಿ ನೀರಿರೋವಾಗಲೇ ಆ ನಗುವಿನ ಲೆಕ್ಕ ತಪ್ಪದ ಹಾಗೆ ಹಿಡಿಯೋದು ಎಂಥ ಕಷ್ಟ ಯೋಚನೆ ಮಾಡಿ. ಅಣ್ಣ ಹೀಗೆ ಬರೀಲಿ: 'ಗುಂಡಿಯ ಹತ್ತಿರದ ಟೋಪಿ ಸೀನಿನಲ್ಲಿ ಅಳು ಎಷ್ಟಿರಬೇಕು, ನಗು ಎಷ್ಟಿರಬೇಕು ಅಂತ ನೀವೂ ಲಿಂಡ್‌ಹರ್ಸ್ಟ್ ಅವರೂ ಹೇಗೆ ತೀರ್ಮಾನ ಮಾಡಿದ್ರಿ?' ಮೆತ್ತಗಿನ ಪ್ರಶ್ನೆ, ಆದ್ರೆ ಕೆಲಸದ ಪ್ರಶ್ನೆನೇ. ಉತ್ತರ ಎಷ್ಟು ಆಳಕ್ಕೆ ಹೋಗಬೇಕು ಅನ್ನೋದನ್ನ ಅವರಿಗೇ ಬಿಟ್ಟ ಹಾಗಾಯ್ತು.

ಇಂಥದ್ದರಲ್ಲಿ ಸೂಕ್ಷ್ಮ ಬೇಕು ಅತ್ತಿಗೆ. ಆ ತಂಡದಲ್ಲಿ ಹೋದವರು ಬಹಳ ಜನ. ಆಲ್ಬರ್ಟ್ ಮಾಮ ಮಾಡಿದ ಬಸ್ಟರ್ ಮೆರಿಫೀಲ್ಡ್ 1999ರಲ್ಲಿ, ಸಲ್ಲಿವನ್ 2011ರಲ್ಲಿ, ರೋಜರ್ ಲಾಯ್ಡ್ ಪ್ಯಾಕ್ 2014ರಲ್ಲಿ, ಬಾಯ್ಸೀ ಮಾಡಿದ ಜಾನ್ ಚಾಲಿಸ್ 2021ರಲ್ಲಿ. 'ಅವರೆಲ್ಲ ಹೇಗಿದಾರೆ' ಅಂತ ಯಾರೂ ಬರೀಬಾರದು. ಇನ್ನು ಸರ್ ಡೇವಿಡ್ ಅವಳಿಜವಳಿ ಆಗಿ ಹುಟ್ಟಿದವರು, ಜೊತೆಯ ಕೂಸು ಉಳೀಲಿಲ್ಲ. ಅದನ್ನ ಓದಿಕೊಂಡು ಕೆಲವರು ಕೇಳ್ತಾರೆ. ತುಂಬಿದ ಸಭೆಯಲ್ಲಿ ಕೇಳೋದಲ್ಲ ಅದು.

ಗ್ರೂಪಲ್ಲಿ ಇನ್ನಿಬ್ಬರು ಬರೆದದ್ದನ್ನೂ ಇಲ್ಲೇ ತಿದ್ದಿಬಿಡ್ತೀನಿ, ಬೇಜಾರು ಮಾಡ್ಕೋಬೇಡಿ. ಡೆಲ್‌ನ ಆ ಹಳದಿ ಮೂರು ಚಕ್ರದ ಗಾಡಿ ರಿಲಯಂಟ್ ರಾಬಿನ್ ಅಲ್ಲ, ರಿಲಯಂಟ್ ರೀಗಲ್ ವ್ಯಾನು. 'ನಿಮ್ಮ ರಾಬಿನ್' ಅಂತ ಶುರುವಾದ ಚೀಟಿ ನೋಡಿದ ತಕ್ಷಣ, ಗೊತ್ತಿಲ್ಲದೇ ಬರೆದಿದಾರೆ ಅಂತ ತಿಳಿಯುತ್ತೆ. ಶೀರ್ಷಿಕೆ ಹಾಡು ಹಾಡಿದ್ದು ಜೇಸನ್ ಅಲ್ಲ, ಸಲ್ಲಿವನ್ ಅವರೇ. ಕಥೆ ಪೆಕ್‌ಹ್ಯಾಮ್‌ನದ್ದು, ಆದ್ರೆ ಹೊರಗಿನ ದೃಶ್ಯಗಳಿಗೆ ಕೊನೆಕೊನೆಗೆ ಬ್ರಿಸ್ಟಲ್‌ಗೆ ಹೋಗ್ತಿದ್ರು, ಹಾಗಾಗಿ 'ಪೆಕ್‌ಹ್ಯಾಮ್ ಬೀದಿಯಲ್ಲಿ ಶೂಟಿಂಗ್ ಹೇಗಿತ್ತು' ಅನ್ನೋದನ್ನ ಬಿಡಿ. 'ಲವ್ಲಿ ಜಬ್ಲಿ' ಡೆಲ್ ಹುಟ್ಟಿಸಿದ ಮಾತಲ್ಲ, ಜಬ್ಲಿ ಅಂತ ಹಳೇ ಕಿತ್ತಳೆ ಪಾನೀಯ ಇತ್ತು, ಅದರ ಜಾಹೀರಾತಿನ ಸಾಲು ಅದು. ಡೆಲ್ 'ಚೆನ್ನಾಗಿದೆ' ಅನ್ನೋಕೆ ಹೇಳೋ 'ಕುಷ್ಟಿ' ರೊಮಾನಿ ಭಾಷೆಯಿಂದ ಬಂದದ್ದು, ಆ ಭಾಷೆಯ ಬೇರು ನಮ್ಮ ಉತ್ತರ ಭಾರತದಲ್ಲಿದೆ, ಕೇಳೋಕೆ ಖುಷಿ ಅನ್ಸುತ್ತೆ.

ಅವರ ಬೇರೆ ಪಾತ್ರಗಳಾದ ಫ್ರಾಸ್ಟ್ ಪತ್ತೇದಾರಿಯ ಬಗ್ಗೆ, ಪಾಪ್ ಲಾರ್ಕಿನ್ ಬಗ್ಗೆ ಬೇರೆಯವರು ಕೇಳ್ತಾರೆ ಬಿಡಿ. ನಿಮ್ಮದೇ ಒಂದು ಚೀಟಿ ಹಾಕೋಕೆ ಅವಕಾಶ ಸಿಕ್ರೆ ಗ್ರ್ಯಾನ್‌ವಿಲ್ ಬಗ್ಗೆ ಕೇಳಿ ಅತ್ತಿಗೆ. 'ಓಪನ್ ಆಲ್ ಅವರ್ಸ್' ಅನ್ನೋ ಇನ್ನೊಂದು ಹಾಸ್ಯ ಧಾರಾವಾಹಿ, ಮೊದಲ ಕಂತು 1973ರಲ್ಲಿ. ಕಿರಾಣಿ ಅಂಗಡಿ, ಯಜಮಾನ ಆರ್ಕ್‌ರೈಟ್ ಆಗಿ ರಾನಿ ಬಾರ್ಕರ್, ಕೈಕೆಳಗಿನ ಹುಡುಗ ಗ್ರ್ಯಾನ್‌ವಿಲ್ ಆಗಿ ಜೇಸನ್. ಆ ಗಲ್ಲಾಪೆಟ್ಟಿಗೆ ನೆನಪಿದೆಯಲ್ಲ, ಮುಚ್ಚೋವಾಗ ಹಾವಿನ ಹಾಗೆ ಬೆರಳು ಕಚ್ಚೋದು. ಬಾರ್ಕರ್ 2005ರಲ್ಲಿ ತೀರಿಕೊಂಡ್ರು. 2013ರ ಡಿಸೆಂಬರಿನಲ್ಲಿ ಜೇಸನ್ ಅದೇ ಅಂಗಡಿಗೆ ವಾಪಸ್ ಬಂದ್ರು, ಈ ಸಲ ಗ್ರ್ಯಾನ್‌ವಿಲ್ಲೇ ಯಜಮಾನ. ನಿಮ್ಮ ಪ್ರಶ್ನೆ ಇದಾಗಲಿ: 'ಯಜಮಾನನಾಗಿ ಮೊದಲ ಸಲ ಆ ಗಲ್ಲಾಪೆಟ್ಟಿಗೆಗೆ ಕೈ ಹಾಕೋವಾಗ ಬಾರ್ಕರ್ ಅವರ ಕೈಯ ಯಾವ ಅಭ್ಯಾಸ ಇಟ್ಕೊಂಡ್ರಿ, ಯಾವುದು ಬಿಟ್ರಿ?'

ಎಲ್ಲಾ ಚೀಟಿ ಇಂಗ್ಲಿಷಲ್ಲಿ ಬರೆಸಿ, ದಪ್ಪ ಅಕ್ಷರ, ಕಪ್ಪು ಪೆನ್ನು, ಓದಿ ಹೇಳೋರಿಗೆ ತಡವರಿಸೋ ಹಾಗೆ ಆಗಬಾರದು. ನಮ್ಮ ಮಕ್ಕಳ ಹೆಸರು ಅವರ ಬಾಯಲ್ಲಿ ಸರಿಯಾಗಿ ಬರ್ಲಿ ಅಂತ, ಪಕ್ಕದಲ್ಲಿ ಅಕ್ಷರ ಬಿಡಿಸಿ ಬಿಡಿಸಿ ಹೇಗೆ ಹೇಳಬೇಕು ಅಂತ ಬರೆದುಬಿಡಿ. ಬರೆದಾದ ಮೇಲೆ ಫೋಟೋ ತೆಗೆದು ಇಲ್ಲೇ ಹಾಕಿ, ಇವತ್ತು ರಾತ್ರಿ ಒಳಗೆ ನೋಡಿ ಹೇಳ್ತೀನಿ.