ಕಬ್ಬಿನ ಹೊಲ ನಕ್ಷೆಯಲ್ಲಿ ತೋಪಾಗಿ ಕಂಡರೆ ಏನು ಮಾಡಬೇಕು?

ಪ್ರಶ್ನೆ: ನಮಸ್ಕಾರ ಸರ್. ನಾನು ಬಾಗಲಕೋಟೆಯಲ್ಲಿ ಭೂಗೋಳಶಾಸ್ತ್ರದ ಸ್ನಾತಕೋತ್ತರ ವಿದ್ಯಾರ್ಥಿನಿ. ಖಾನಾಪುರದ ಭೀಮಗಡ ಕಾಡಿನಿಂದ ಬೀಳಗಿ ಕಡೆಯ ಯಡಹಳ್ಳಿಯವರೆಗೆ ಗಿಡಮರಗಳ ಎತ್ತರದ ನಕ್ಷೆ ಮಾಡುತ್ತಿದ್ದೇನೆ. ಜೆಡೈ (GEDI) ಎಂಬ ಬಾಹ್ಯಾಕಾಶ ಉಪಕರಣದ ಲೇಸರ್ ಅಳತೆಗಳನ್ನೂ ಸೆಂಟಿನೆಲ್-2 ಉಪಗ್ರಹದ ಚಿತ್ರಗಳನ್ನೂ ಜೋಡಿಸಿ, ಎತ್ತರವನ್ನು ಅಂದಾಜಿಸುವ ಕಂಪ್ಯೂಟರ್ ಮಾದರಿ ಸಿದ್ಧಪಡಿಸಿದ್ದೇನೆ. ಆದರೆ ಮುಧೋಳದ ಹತ್ತಿರ ನಮ್ಮದೇ ಕಬ್ಬಿನ ಹೊಲ 6 ಮೀಟರ್ ಎತ್ತರದ ತೋಪಿನಂತೆ ಕಾಣುತ್ತಿದೆ; ಬಾದಾಮಿಯ ಬೋಳು ಗುಡ್ಡದ ಅಂಚಿನಲ್ಲಿಯೂ 9 ಮೀಟರ್ ಬಂದಿದೆ. ತಪ್ಪು ಎಲ್ಲಿದೆ?

ಉತ್ತರ: ನಿಮ್ಮ ಎರಡು ತಪ್ಪುಗಳ ಮೂಲ ಬೇರೆ ಬೇರೆ. ಮೊದಲು ಗುಡ್ಡವನ್ನು ನೋಡೋಣ. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಲ್ಲಿರುವ ಜೆಡೈ ನೆಲದ ಮೇಲೆ ಸುಮಾರು 25 ಮೀಟರ್ ಅಗಲದ ವೃತ್ತಕ್ಕೆ ಬೆಳಕು ಬಿಟ್ಟು, ಮರಳಿ ಬರುವ ಬೆಳಕಿನ ಹರವಿನಿಂದ ಎತ್ತರವನ್ನು ಅಂದಾಜಿಸುತ್ತದೆ. ಇಳಿಜಾರು 20 ಡಿಗ್ರಿ ಇದ್ದರೆ ಆ ಒಂದೇ ವೃತ್ತದೊಳಗೆ ನೆಲವೇ 9 ಮೀಟರ್ ಏರಿಳಿಯುತ್ತದೆ. ಗಿಡವಿಲ್ಲದಿದ್ದರೂ ಆ ಏರಿಳಿತ ಎತ್ತರವಾಗಿ ಲೆಕ್ಕಕ್ಕೆ ಸೇರಬಹುದು. ಸಮತಟ್ಟಾದ ಬೋಳು ನೆಲವೂ, ಬೆಳಕಿನ ಮಿಡಿತಕ್ಕೆ ತನ್ನದೇ ಉದ್ದವಿರುವ ಕಾರಣ, ಎರಡು ಮೂರು ಮೀಟರ್ ತೋರಿಸುವುದುಂಟು. ಆದ್ದರಿಂದ ಯಡಹಳ್ಳಿಯಂಥ ಕುರುಚಲು ಕಾಡಿನಲ್ಲಿ 3 ಮೀಟರ್ ಎಂಬ ಅಂಕಿಯನ್ನು ನಾನು ಎತ್ತರವೆಂದು ಒಪ್ಪುವುದಿಲ್ಲ. ಕಡಿದಾದ ಇಳಿಜಾರಿನ ಅಳತೆಗಳನ್ನು ಮಾದರಿಗೆ ಉಣಿಸುವ ಮೊದಲೇ ತೆಗೆದುಹಾಕಿ.

ಕಬ್ಬಿನದು ಸೆಂಟಿನೆಲ್-2 ಚಿತ್ರದ ತೊಡಕು. ಅದು ನೋಡುವುದು ಹಸಿರನ್ನು, ಎತ್ತರವನ್ನಲ್ಲ. ನೀರುಂಡು ಬೆಳೆದ ಕಬ್ಬು ಅದರ ಕಣ್ಣಿಗೆ ಮಾವಿನ ತೋಪಿನಂತೆಯೇ. ಒಂದು ತಿಂಗಳ ಚಿತ್ರದ ಬದಲು ವರ್ಷವಿಡೀ ಚಿತ್ರಗಳನ್ನು ತೆಗೆದುಕೊಂಡು, ಪ್ರತಿ ಹೊಲದ ಅತಿ ಕಡಿಮೆ ಹಸಿರನ್ನು ಗುರುತಿಸಿ. ಕಟಾವಾದ ಹೊಲ, ಕುಳೆ ಬಿಟ್ಟಿದ್ದರೂ, ಕೆಲವು ವಾರ ಬರಿದಾಗುತ್ತದೆ, ತೋಪು ಆಗುವುದಿಲ್ಲ. ಈ ಪರೀಕ್ಷೆ ಸಾಗುವಳಿ ಭೂಮಿಗೆ ಮಾತ್ರ, ಏಕೆಂದರೆ ಬಯಲುಸೀಮೆಯ ಕಾಡುಮರಗಳೂ ಬೇಸಿಗೆಯಲ್ಲಿ ಎಲೆ ಉದುರಿಸುತ್ತವೆ.

ಪ್ರಶ್ನೆ: ಧನ್ಯವಾದಗಳು ಸರ್. ಸ್ಥಳದಲ್ಲಿ ಅಳೆಯಲು ನನ್ನ ಬಳಿ ದುಬಾರಿ ಉಪಕರಣಗಳಿಲ್ಲ. ಸಾಧ್ಯವೇ?

ಉತ್ತರ: ಟೇಪು ಮತ್ತು ಕೋನ ಅಳೆಯುವ ಸಾಧನ ಸಾಕು, ಫೋನಿನದಾದರೂ ನಡೆಯುತ್ತದೆ. ಸಮನೆಲದಲ್ಲಿ ಮರದಿಂದ 20 ಮೀಟರ್ ದೂರ ನಿಂತಾಗ ತುದಿ 35 ಡಿಗ್ರಿಯಲ್ಲಿ ಕಂಡರೆ, ಕಣ್ಣಿನ ಮಟ್ಟದಿಂದ ಮೇಲೆ 14 ಮೀಟರ್; ಕಣ್ಣಿನ ಎತ್ತರ ಒಂದೂವರೆ ಮೀಟರ್ ಕೂಡಿಸಿದರೆ ಹದಿನೈದೂವರೆ. ಜೆಡೈ ವೃತ್ತದಷ್ಟೇ ಅಗಲ ಬರುವಂತೆ ಹನ್ನೆರಡೂವರೆ ಮೀಟರ್ ಹಗ್ಗದಿಂದ ವೃತ್ತ ಎಳೆದು, ಒಳಗಿನ ಅತಿ ಎತ್ತರದ ಮರಗಳನ್ನು ಅಳೆಯಿರಿ. ಜೆಡೈ ವೃತ್ತದ ಸ್ಥಾನವೇ ಸುಮಾರು 10 ಮೀಟರ್ ಆಚೀಚೆ ಇರಬಹುದಾದ್ದರಿಂದ, ಸುತ್ತಲೂ ಒಂದೇ ಬಗೆಯ ಗಿಡಗಳಿರುವ ಜಾಗವನ್ನೇ ಆರಿಸಿಕೊಳ್ಳಿ. ಕಾಡಿನ ಅಂಚು ಬೇಡ.

ಇನ್ನೊಂದು ಮಾತು: ಅಳತೆಯ ಜಾಗಗಳನ್ನು ಚೀಟಿ ಎತ್ತಿದಂತೆ ಬೆರೆಸಿ, ಅರ್ಧ ಮಾದರಿಯ ಕಲಿಕೆಗೆ, ಅರ್ಧ ಅದರ ಪರೀಕ್ಷೆಗೆ ಎಂದು ಹಂಚಬೇಡಿ. ಅಕ್ಕಪಕ್ಕದ ಜಾಗಗಳು ಒಂದನ್ನೊಂದು ಹೋಲುವುದರಿಂದ ಫಲಿತಾಂಶ ಇರುವುದಕ್ಕಿಂತ ಚೆನ್ನಾಗಿ ಕಾಣುತ್ತದೆ. ಮುಧೋಳ ತಾಲೂಕನ್ನು ಪೂರ್ತಿ ಬದಿಗಿಟ್ಟು ಕಲಿಸಿ, ಬಳಿಕ ಅಲ್ಲಿಯೇ ಪರೀಕ್ಷಿಸಿ. ಭೀಮಗಡ ಮತ್ತು ಯಡಹಳ್ಳಿ ಎರಡೂ ವನ್ಯಜೀವಿಧಾಮಗಳಾಗಿರುವುದರಿಂದ ಅರಣ್ಯ ಇಲಾಖೆಯ ಅನುಮತಿ ಬೇಕು. ಅರ್ಜಿಯನ್ನು ಈಗಲೇ ಕೊಡಿ, ಮಳೆಗಾಲದಲ್ಲಿ ಖಾನಾಪುರದ ಕಾಡಿನಲ್ಲಿ ಮರದ ತುದಿ ಕಾಣುವುದೇ ಅಪರೂಪ.