1758ರ ಲೂಯಿಬರ್ಗ್ ಸಿಪಾಯಿಗೆ ಯಾವ ಬಂದೂಕು?

ಹ್ಯಾಲಿಫ್ಯಾಕ್ಸ್‌ವಾಸಿ: ನಮ್ಮ ತಂಡ ಫ್ರೆಂಚರ ಕೈಯಲ್ಲಿದ್ದ ಕೆನಡಾದ ಲೂಯಿಬರ್ಗ್ ಕೋಟೆಗೆ ಬ್ರಿಟಿಷರು 1758ರಲ್ಲಿ ಹಾಕಿದ ಮುತ್ತಿಗೆಯನ್ನು ಮರುಅಭಿನಯಿಸುತ್ತಿದ್ದು, ನಾನು ಫ್ರೆಂಚ್ ನೌಕಾ ಇಲಾಖೆಯ ಸ್ವತಂತ್ರ ಕಂಪನಿಯ (ಅಂದರೆ ಕಾಲಾಳು ತುಕಡಿಯ) ಸಿಪಾಯಿಯಾಗುತ್ತಿದ್ದೇನೆ. ಸುಲಭವಾಗಿ ಸಿಗುತ್ತಿರುವುದು 1763ರ ಫ್ರೆಂಚ್ ಮಾದರಿಯ ಬಂದೂಕಿನ ಪ್ರತಿಕೃತಿ. ಕೊಳ್ಳಬಹುದೇ?

ಮೂರುಪಟ್ಟಿ: ಖಂಡಿತ ಬೇಡ. 1758ರ ಜುಲೈ 26ರಂದು ಶರಣಾದ ಕೋಟೆಯೊಳಗೆ ಐದು ವರ್ಷಗಳ ನಂತರದ ಬಂದೂಕು ಹೇಗೆ ಬಂದೀತು? 1728ರ ಮಾದರಿಯನ್ನು ಕೊಳ್ಳಿ. ನಳಿಗೆಯನ್ನು ಮರಕ್ಕೆ ಬಿಗಿದಿರುವ ಮೂರು ಪಟ್ಟಿಗಳೇ ಅದರ ಗುರುತು, ನಳಿಗೆಯ ಒಳವ್ಯಾಸ ಸುಮಾರು 17.5 ಮಿ.ಮೀ. ಫ್ರೆಂಚ್ ಸೈನ್ಯ ಹಿಡಿದಿದ್ದು ಅದನ್ನೇ. ಮದ್ದು ಜಡಿಯುವ ಕೋಲು ಮಾತ್ರ ಕಬ್ಬಿಣದ್ದಿರಲಿ.

ತ್ಯೂಲ್‌ಪ್ರಿಯ: 'ಫ್ರೆಂಚ್ ಸೈನ್ಯ' ಎಂದಲ್ಲೇ ತಾವು ಎಡವಿದ್ದೀರಿ. ಆ ಕಂಪನಿಗಳು ಭೂಸೇನೆಯನ್ನು ನೋಡಿಕೊಳ್ಳುವ ಯುದ್ಧ ಇಲಾಖೆಗೆ ಸೇರಿದವಲ್ಲ. ನೌಕಾ ಇಲಾಖೆ ತನ್ನದೇ ಕರಾರಿನ ಮೇಲೆ ಫ್ರಾನ್ಸಿನ ತ್ಯೂಲ್ ಪಟ್ಟಣದಿಂದ ಬಂದೂಕು ತರಿಸುತ್ತಿತ್ತು. ಅವುಗಳ ನಳಿಗೆಗೆ ಪಟ್ಟಿಗಳಿಲ್ಲ, ಪಿನ್ನುಗಳಿವೆ. ಜಡಿಯುವ ಕೋಲು ಮರದ್ದು.

ಮೂರುಪಟ್ಟಿ: ಮರದ ಕೋಲೇ? 1746ರ ಮಾದರಿಯಲ್ಲಿ ಲೋಹದ ಕೋಲೇ ನಿಯಮವಾಗಿತ್ತು, ಹಳೆಯ 1728ರ ಬಂದೂಕುಗಳಿಗೂ ಅದನ್ನು ಕೂಡಿಸಿದ್ದರು. ಹನ್ನೆರಡು ವರ್ಷಗಳ ಮೇಲೂ ಗಡಿಬಿಡಿಯಲ್ಲಿ ಮುರಿಯುವ ಕೋಲನ್ನು ಸಿಪಾಯಿಯ ಕೈಗೆ ಕೊಡುವವರು ಯಾರು?

ತ್ಯೂಲ್‌ಪ್ರಿಯ: 'ನಿಯಮ' ಎನ್ನುತ್ತೀರಲ್ಲ, ಯಾರ ನಿಯಮ? ಯುದ್ಧ ಇಲಾಖೆಯದು! ಪ್ಯಾರಿಸ್ಸಿನಲ್ಲಿ ಹೊಸ ಮಾದರಿ ಬಂದ ಮಾತ್ರಕ್ಕೆ ಅಟ್ಲಾಂಟಿಕ್‌ನ ಆಚೆಗಿನ ಉಗ್ರಾಣದ ಹಳೆಯ ಕೋಲುಗಳು ತಾವಾಗಿ ಕಬ್ಬಿಣವಾಗುವುದಿಲ್ಲ, ಸ್ವಾಮಿ.

ಬೀಟೆಮರ: ಭಾರತದಲ್ಲಿ ತಯಾರಾಗುವ ಪ್ರತಿಕೃತಿಗಳಲ್ಲಿ ಅನೇಕಕ್ಕೆ ವಾಲ್‌ನಟ್ ಬದಲು ಬೀಟೆಯ ಜಾತಿಯ ಮರ ಹಾಕಿರುತ್ತಾರೆ, ತೂಕವೂ ಹೆಚ್ಚು. ನೋಡುಗರ ಕಣ್ಣಿಗೆ ಮೊದಲು ಬೀಳುವುದು ಮರದ ಬಣ್ಣವೇ ಹೊರತು ಕೋಲಲ್ಲ.

ಮೂರುಪಟ್ಟಿ: ಮರದ ಚರ್ಚೆ ಬೇರೆ ಕಡೆ ಇಟ್ಟುಕೊಳ್ಳಿ. ತ್ಯೂಲ್‌ಪ್ರಿಯರೇ, 'ಉಗ್ರಾಣ' ಎಂದಿರಿ. ಅದೇ ಕೋಟೆಯೊಳಗೆ ಭೂಸೇನೆಯ ಆರ್ತ್ವಾ, ಬೂರ್ಗೋಞ್, ಕಾಂಬೀ ರೆಜಿಮೆಂಟುಗಳ ಪಡೆಗಳೂ ಇದ್ದವೆಂಬುದನ್ನು ಮರೆತಿದ್ದೀರಾ, ಇಲ್ಲ ಮುಚ್ಚಿಡುತ್ತಿದ್ದೀರಾ? ಮುತ್ತಿಗೆಯ ನಡುವೆ ಒಬ್ಬರ ಬಂದೂಕು ಇನ್ನೊಬ್ಬರ ಕೈಗೆ ಹೋಗಿಲ್ಲವೆಂದು ಪ್ರಮಾಣ ಮಾಡುವಿರಾ?

ತ್ಯೂಲ್‌ಪ್ರಿಯ: 'ಮುಚ್ಚಿಡುತ್ತಿದ್ದೀರಾ' ಎಂಬ ಮಾತನ್ನು ಹಿಂತೆಗೆದುಕೊಳ್ಳಿ. ಹೋಗಿರಬಹುದು ಎಂಬುದು ಊಹೆ, ಊಹೆಯ ಮೇಲೆ ಬಂದೂಕು ಕೊಳ್ಳಲಾಗದು. ನೌಕಾ ಸಿಪಾಯಿಯ ವೇಷಕ್ಕೆ ನೌಕಾ ಇಲಾಖೆಯ ಬಂದೂಕು, ಅದಕ್ಕೆ ಮರದ ಕೋಲು. ಇದರಲ್ಲಿ ಅರ್ಥವಾಗದ್ದೇನಿದೆ?

ಮೂರುಪಟ್ಟಿ: ಮುರಿದ ಕೋಲು ಹಿಡಿದು ನಿಂತ ಸಿಪಾಯಿಯೇ ತಮಗೆ ಪ್ರಿಯನೆಂದು ಅರ್ಥವಾಯಿತು.

ಹ್ಯಾಲಿಫ್ಯಾಕ್ಸ್‌ವಾಸಿ: ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂಬಂತಾಯಿತು. ನಾವು ಹಾರಿಸುವುದು ಬರೀ ಮದ್ದನ್ನು. ಅಪಘಾತದ ಭಯದಿಂದ ಜಡಿಯುವ ಕೋಲನ್ನು ಹೊರಗೆಳೆಯುವುದನ್ನೇ ತಂಡ ನಿಷೇಧಿಸಿದೆ. 1763ರದ್ದನ್ನು ಬಿಟ್ಟೆ. ಪಟ್ಟಿಯೋ ಪಿನ್ನೋ, ಅಷ್ಟನ್ನು ಹೇಳಿ.

ತ್ಯೂಲ್‌ಪ್ರಿಯ: ಪಿನ್ನು.

ಮೂರುಪಟ್ಟಿ: 'ಹೊರಗೆಳೆಯುವುದನ್ನು' ನಿಷೇಧಿಸಿದ್ದರೇನಂತೆ, ನಳಿಗೆಯ ಕೆಳಗೆ ಅದರ ತುದಿ ಕಾಣುತ್ತದೆಯಲ್ಲವೇ? ಕಬ್ಬಿಣದ್ದೇ ಇರಲಿ.