ಕುದುರೆ ಸವಾರಿ ಕಲಿಯಲು ಮೊದಲು ಏನು ಕೊಳ್ಳಬೇಕು?

ಪ್ರಶ್ನೆ: ಮಗಳು ಮುಂದಿನ ತಿಂಗಳು ಮೈಸೂರಿನಲ್ಲಿ ಸವಾರಿ ಕ್ಲಾಸಿಗೆ ಸೇರುತ್ತಾಳೆ. ಮನೆಯಲ್ಲಿ ಸೈಕಲ್ ಹೆಲ್ಮೆಟ್, ಸ್ಪೋರ್ಟ್ಸ್ ಶೂ ಇವೆ. ಸಾಕಲ್ವಾ?

ಉತ್ತರ: ಸಾಲದು ಮೇಡಂ. ನಮ್ಮ ಹುಡುಗನೂ ಕಲಿಯುತ್ತಿದ್ದಾನೆ, ಅದಕ್ಕೇ ಹೇಳುತ್ತಿದ್ದೇನೆ. ಸವಾರಿಯ ಹೆಲ್ಮೆಟ್ಟೇ ಬೇರೆ, ತಲೆಯ ಹಿಂಭಾಗವನ್ನೂ ಚೆನ್ನಾಗಿ ಮುಚ್ಚುತ್ತದೆ. ಒಳಗಿನ ಲೇಬಲ್‌ನಲ್ಲಿ ಎಎಸ್‌ಟಿಎಂ ಎಫ್1163 ಅಥವಾ ಪಿಎಎಸ್ 015 ಅಂತ ಸವಾರಿ ಹೆಲ್ಮೆಟ್‌ನ ಸುರಕ್ಷತಾ ಮಾನದಂಡದ ಗುರುತು ಇದೆಯಾ ನೋಡಿ. ಸುಮ್ನೆ ಮೇಲಿನ ವೆಲ್ವೆಟ್ ಬಟ್ಟೆ ನೋಡಿ ಮರುಳಾಗಬೇಡಿ. ಅಂಗಡಿಯಲ್ಲೇ ಹಾಕಿಸಿ, ಪಟ್ಟಿ ಕಟ್ಟದೆ ತಲೆ ಅಲ್ಲಾಡಿಸಲು ಹೇಳಿ. ಜಾರಬಾರದು. ಸೆಕೆಂಡ್ ಹ್ಯಾಂಡ್ ಬೇಡವೇ ಬೇಡ. ಹಿಂದೆ ಪೆಟ್ಟು ತಿಂದಿದ್ದರೆ ಹೊರಗಿನಿಂದ ಗೊತ್ತಾಗುವುದಿಲ್ಲ.

ಶೂಗೆ ಸುಮಾರು ಒಂದಿಂಚು ಹಿಮ್ಮಡಿ ಬೇಕು, ಅಡಿ ನುಣುಪಾಗಿರಬೇಕು. ಸ್ಪೋರ್ಟ್ಸ್ ಶೂ ಆದರೆ ಪಾದ ರಿಕಾಪಿನೊಳಗೆ (ಸವಾರ ಕಾಲಿಡುವ ಬಳೆ) ಪೂರ್ತಿ ನುಗ್ಗಿ ಸಿಕ್ಕಿಕೊಳ್ಳಬಹುದು. ಬಿದ್ದಾಗ ಕುದುರೆ ಹಾಗೇ ಎಳೆದುಕೊಂಡು ಓಡಿದರೆ?

ಇನ್ನೊಬ್ಬರು: ಜೀನ್ಸ್ ಬೇಡ. ಒಳಗಿನ ದಪ್ಪ ಹೊಲಿಗೆ ಕುದುರೆ ಬೆನ್ನ ಮೇಲಿನ ಜೀನಿಗೆ (ಆಸನಕ್ಕೆ) ಉಜ್ಜಿ ತೊಡೆ ಸುಲಿಯುತ್ತದೆ. ದಪ್ಪ ಲೆಗ್ಗಿಂಗ್ಸ್ ಸಾಕು.

ಪ್ರಶ್ನೆ ಕೇಳಿದವರು: ಗ್ಲೌಸ್, ಚಾಟಿ? ಅಂಗಡಿಯವರು ಸೆಟ್ಟೇ ತೋರಿಸುತ್ತಿದ್ದಾರೆ.

ಮೊದಲ ಉತ್ತರದವರು: ತೋರಿಸದೇ ಇರುತ್ತಾರಾ! ಲಗಾಮು ಉಜ್ಜಿ ಬೆರಳು ಕೆಂಪಾದರೆ ಗ್ಲೌಸ್ ತನ್ನಿ. ಚಾಟಿ ವಿಷಯ ಮೇಷ್ಟ್ರಿಗೆ ಬಿಡಿ.